ಎಂಟು ಕೋರ್ ಇದ್ದೂ ಒಂದೇ ಥ್ರೆಡ್‌ಗೆ ಸೋಲೋದು ಯಾಕೆ?

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ಎಂಟು ಕೋರ್ ಇವೆ. ದೊಡ್ಡ ಫೈಲ್‌ನಲ್ಲಿ ಪದಗಳನ್ನು ಎಣಿಸಲು ಸಿ ಭಾಷೆಯಲ್ಲಿ ಎಂಟು ಥ್ರೆಡ್‌ಗಳ (ಒಟ್ಟಿಗೆ ಓಡಬಲ್ಲ ಕೆಲಸದ ಎಳೆಗಳ) ಪ್ರೋಗ್ರಾಂ ಬರೆದೆ. ಪ್ರತಿ ಥ್ರೆಡ್‌ಗೂ ಫೈಲಿನ ಒಂದು ಪಾಲು, ಎಣಿಕೆ ಇಡಲು ಎಂಟು ಮನೆಗಳ ಒಂದು ಅರೇ. ಒಂದು ಥ್ರೆಡ್ ಇನ್ನೊಂದಕ್ಕಾಗಿ ಕಾಯುವಂತೆ ಮಾಡುವ ಲಾಕ್ ಎಲ್ಲೂ ಇಲ್ಲ. ಆದರೂ ಒಂದೇ ಥ್ರೆಡ್‌ನ ಹಳೆಯ ಪ್ರೋಗ್ರಾಮೇ ಬೇಗ ಮುಗಿಯುತ್ತದೆ. ಲಿನಕ್ಸ್ ಎಲ್ಲವನ್ನೂ ಒಂದೇ ಕೋರ್‌ಗೆ ತುಂಬುತ್ತಿದೆಯಾ?

ಉತ್ತರ: ಇಲ್ಲ, ಯಾವ ಥ್ರೆಡ್ ಯಾವ ಕೋರ್‌ನಲ್ಲಿ ಓಡಬೇಕು ಅಂತ ನಿರ್ಧರಿಸುವ ಲಿನಕ್ಸ್ ಶೆಡ್ಯೂಲರ್ ಮೇಲೆ ಅನುಮಾನ ಬೇಡ. ನಂಬಿಕೆ ಬರದಿದ್ದರೆ ಪ್ರೋಗ್ರಾಂ ಓಡುತ್ತಿರುವಾಗ ಟಾಪ್ ಕಮಾಂಡ್ ತೆರೆದು 1 ಒತ್ತಿ ನೋಡಿ. ಎಂಟು ಕೋರ್‌ಗಳೂ ಬೇರೆಬೇರೆಯಾಗಿ ಕಾಣುತ್ತವೆ, ಎಲ್ಲವೂ ಹೆಚ್ಚುಕಡಿಮೆ ಶೇ. 100 ತೋರಿಸುತ್ತವೆ. ದಾರಿ ತಪ್ಪಿಸೋದು ಆ 100 ಅನ್ನೋ ಅಂಕಿಯೇ. ಡೇಟಾ ಬರಲಿ ಅಂತ ಕೋರ್ ಸುಮ್ನೆ ಕಾಯುತ್ತಾ ನಿಂತಿದ್ದರೂ ಆಪರೇಟಿಂಗ್ ಸಿಸ್ಟಂ ಲೆಕ್ಕದಲ್ಲಿ ಅದು ಬ್ಯುಸಿ.

ಈಗ ನಿಮ್ಮ ಅರೇ ನೋಡೋಣ. ಒಂದು ಎಣಿಕೆಗೆ 8 ಬೈಟ್ ಅಂದರೆ ಎಂಟಕ್ಕೆ 64 ಬೈಟ್. ಇವತ್ತಿನ ಹೆಚ್ಚಿನ ಪಿಸಿಗಳಲ್ಲಿ ಕ್ಯಾಶ್ (ಕೋರ್‌ಗೆ ಹತ್ತಿರದ ಪುಟ್ಟ, ವೇಗದ ಮೆಮೊರಿ) ಡೇಟಾವನ್ನು ತಂದಿಟ್ಟುಕೊಳ್ಳುವುದೂ 64 ಬೈಟ್‌ಗಳ ತುಂಡುಗಳಲ್ಲೇ. ಆ ತುಂಡಿಗೆ ಕ್ಯಾಶ್ ಲೈನ್ ಅಂತಾರೆ. ನಿಮ್ಮ ಎಂಟೂ ಎಣಿಕೆಗಳು ಒಂದೇ ಲೈನಿನಲ್ಲಿ, ಜಾಸ್ತಿ ಅಂದರೆ ಎರಡರಲ್ಲಿ ಕೂತಿವೆ. ಒಂದು ಕೋರ್ ತನ್ನ ಎಣಿಕೆಗೆ ಒಂದು ಕೂಡಿಸಬೇಕಾದರೂ ಆ ಇಡೀ ಲೈನ್ ಅದರ ಕೈಗೆ ಬರಬೇಕು, ಬೇರೆ ಕೋರ್‌ಗಳಲ್ಲಿರುವ ಅದರ ಪ್ರತಿಗಳು ರದ್ದಾಗಬೇಕು, ಅಷ್ಟರಲ್ಲಿ ಪಕ್ಕದ ಕೋರ್ ಅದನ್ನು ತನ್ನ ಕಡೆಗೆ ಎಳೆದುಕೊಂಡಿರುತ್ತದೆ. ಕೋಡ್‌ನಲ್ಲಿ ಲಾಕ್ ಇಲ್ಲ ನಿಜ, ಆದರೆ ಹಾರ್ಡ್‌ವೇರ್ ಒಳಗೆ ಎಂಟೂ ಕೋರ್‌ಗಳು ಒಂದೇ ಜಾಗಕ್ಕೆ ಕಿತ್ತಾಡುತ್ತಿವೆ. ಇದಕ್ಕೆ ಫಾಲ್ಸ್ ಶೇರಿಂಗ್ ಅಂತ ಹೆಸರು. ಪ್ರತಿ ಥ್ರೆಡ್ ತನ್ನದೇ ಲೋಕಲ್ ವೇರಿಯಬಲ್‌ನಲ್ಲಿ ಎಣಿಸಿ, ಕೊನೆಗೆ ಒಂದೇ ಸಲ ಅರೇಗೆ ಬರೆಯಲಿ. ಎರಡು ಸಾಲಿನ ಬದಲಾವಣೆ ಅಷ್ಟೆ, ವ್ಯತ್ಯಾಸ ನಿಮಗೇ ಕಾಣುತ್ತದೆ.

ಪ್ರಶ್ನೆ: ಒಂದೇ ಥ್ರೆಡ್ ಇರುವ ನನ್ನ ಪ್ರೋಗ್ರಾಂ ಒಮ್ಮೆ 2ನೇ ಕೋರ್‌ನಲ್ಲಿ, ಮತ್ತೊಮ್ಮೆ 5ನೇ ಕೋರ್‌ನಲ್ಲಿ ಕಾಣಿಸುತ್ತದೆ. ಹೀಗೆ ಓಡಾಡುವುದರಿಂದ ನಿಧಾನ ಆಗಲ್ವಾ? ಟಾಸ್ಕ್‌ಸೆಟ್ ಕಮಾಂಡ್ ಬಳಸಿ ಒಂದೇ ಕೋರ್‌ಗೆ ಕಟ್ಟಿಹಾಕಲೇ?

ಉತ್ತರ: ಓಡಾಟಕ್ಕೆ ಬೆಲೆ ಇದೆ, ನಿಮ್ಮ ಆತಂಕ ಸರಿಯಾದದ್ದೇ. ಕೋರ್‌ಗೆ ಅತಿ ಹತ್ತಿರದ ಎಲ್1 ಕ್ಯಾಶ್‌ನಲ್ಲಿ ಡೇಟಾ ಸಿಕ್ಕರೆ 4-5 ಸೈಕಲ್ (ಪ್ರೊಸೆಸರ್ ಗಡಿಯಾರದ ಮಿಡಿತ) ಸಾಕು, ಮೇನ್ ಮೆಮೊರಿಗೆ ಹೋಗಿ ಬರಬೇಕಾದರೆ 200 ಸೈಕಲ್ ದಾಟಬಹುದು. ಹೊಸ ಕೋರ್‌ಗೆ ಹೋದ ಥ್ರೆಡ್‌ಗೆ ಆ ಕೋರ್‌ನ ಎಲ್1 ಖಾಲಿ ಮನೆ ಇದ್ದಹಾಗೆ, ಎಲ್ಲವನ್ನೂ ಮತ್ತೆ ತುಂಬಿಸಿಕೊಳ್ಳಬೇಕು.

ಇದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೂ ಗೊತ್ತು. ಹಿಂದೆ ಲಿನಕ್ಸ್ 2.4ರಲ್ಲಿ ಎಲ್ಲ ಕೋರ್‌ಗಳಿಗೂ ಸೇರಿ ಒಂದೇ ಸರದಿ ಸಾಲು, ಅದಕ್ಕೆ ಒಂದೇ ಲಾಕ್ ಇತ್ತು. 2003ರಲ್ಲಿ 2.6 ಬಂದಾಗಿನಿಂದ ಪ್ರತಿ ಕೋರ್‌ಗೂ ತನ್ನದೇ ರನ್‌ಕ್ಯೂ. ಒಂದು ಕೋರ್‌ನ ಕ್ಯೂ ಖಾಲಿಯಾದರೆ ಅದು ಕೈಕಟ್ಟಿ ಕೂರುವ ಮೊದಲು ಉಳಿದವರ ಕ್ಯೂ ನೋಡಿ ಕಾಯುತ್ತಿರುವ ಥ್ರೆಡ್ ಒಂದನ್ನು ಎಳೆದುಕೊಳ್ಳಲು ನೋಡುತ್ತದೆ. ಆದರೆ ಈಗಷ್ಟೇ ಓಡಿದ ಥ್ರೆಡ್ ಆದರೆ, ಅಂದರೆ ಸಾಮಾನ್ಯವಾಗಿ ಅರ್ಧ ಮಿಲಿಸೆಕೆಂಡ್ ಒಳಗೆ ಓಡಿದ್ದಾದರೆ, ಅದರ ಕ್ಯಾಶ್ ಇನ್ನೂ ಬಿಸಿಯಾಗಿದೆ ಅಂತ ಎಳೆಯಲು ಹಿಂಜರಿಯುತ್ತದೆ. ನನಗೆ ಶೆಡ್ಯೂಲರ್‌ನಲ್ಲಿ ತುಂಬಾ ಇಷ್ಟವಾಗುವುದು ಇದೇ ತೂಗಾಟ: ಇದ್ದಲ್ಲೇ ಬಿಟ್ಟರೆ ಕ್ಯಾಶ್ ಉಳಿಯುತ್ತದೆ, ಕಾಯುವುದು ತಪ್ಪುವುದಿಲ್ಲ. ಜಾಗ ಬದಲಿಸಿದರೆ ಕಾಯುವುದು ತಪ್ಪುತ್ತದೆ, ಕ್ಯಾಶ್ ಹೋಗುತ್ತದೆ. (2023ರಲ್ಲಿ ಲಿನಕ್ಸ್ 6.6 ಜೊತೆ ಬಂದ ಇಇವಿಡಿಎಫ್ ಎಂಬ ಶೆಡ್ಯೂಲಿಂಗ್ ವಿಧಾನದ ಬಗ್ಗೆ ಓದಿರಬಹುದು. ಅದು ಮುಖ್ಯವಾಗಿ ಒಂದು ಕೋರ್‌ನ ಕ್ಯೂನಲ್ಲಿ ಮುಂದಿನ ಸರದಿ ಯಾರದು ಅನ್ನುವುದರ ಲೆಕ್ಕ. ಕೋರ್‌ಗಳ ನಡುವೆ ಹಂಚುವುದು ಬೇರೆ ಕೆಲಸ.)

ಕಟ್ಟಿಹಾಕಿದರೆ ಈ ತೂಗಾಟದ ಅವಕಾಶವನ್ನೇ ನೀವು ಕಿತ್ತುಕೊಂಡ ಹಾಗೆ. ಎಷ್ಟೋ ಜನ ಇಲ್ಲೇ ತಪ್ಪು ತಿಳಿಯುತ್ತಾರೆ. 2ನೇ ಕೋರ್‌ಗೆ ಕಟ್ಟಿದರೆ ನಿಮ್ಮ ಥ್ರೆಡ್ ಅಲ್ಲಿಂದ ಕದಲುವುದಿಲ್ಲ ಅಷ್ಟೆ, ಬೇರೆಯವರು ಅಲ್ಲಿಗೆ ಬರಬಾರದು ಅಂತೇನೂ ಇಲ್ಲ. ಇನ್ನೊಂದು ಭಾರಿ ಪ್ರೋಗ್ರಾಂ ಬಂದು ಅಲ್ಲೇ ಕೂತರೆ, ಪಕ್ಕದಲ್ಲಿ ಏಳು ಕೋರ್ ಖಾಲಿ ಇದ್ದರೂ ನಿಮ್ಮದು ಸರದಿ ಕಾಯಬೇಕು. ವೇಗ ಅಳೆಯುವಾಗ ಪ್ರತಿ ಸಲವೂ ಒಂದೇ ಥರದ ಫಲಿತಾಂಶ ಬೇಕು ಅಂದರೆ ಕಟ್ಟಿ. ಮೆಮೊರಿ ಹಂಚಿಹೋಗಿರುವ ದೊಡ್ಡ ನ್ಯೂಮಾ ಸರ್ವರ್‌ಗಳಲ್ಲೂ ಕಟ್ಟುವುದಕ್ಕೆ ಅರ್ಥ ಇದೆ. ದಿನನಿತ್ಯದ ಬಳಕೆಗೆ ಬೇಡ.

ಪ್ರಶ್ನೆ: ಹಾಗಾದರೆ ಎಷ್ಟು ಥ್ರೆಡ್ ಇಡಲಿ?

ಉತ್ತರ: ಬರೀ ಲೆಕ್ಕಾಚಾರದ ಕೆಲಸವಾದರೆ ಕೋರ್‌ಗಳಷ್ಟೇ ಇಟ್ಟು ಶುರು ಮಾಡಿ. ಆದರೆ ಎನ್‌ಪ್ರಾಕ್ ಕಮಾಂಡ್ ಕೊಡುವ ಕೋರ್‌ಗಳ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ, ಹೈಪರ್‌ಥ್ರೆಡಿಂಗ್ ಇದ್ದರೆ ನಾಲ್ಕು ನಿಜವಾದ ಕೋರ್‌ಗಳೇ ಎಂಟಾಗಿ ಕಾಣುತ್ತವೆ. ಆ ಜೋಡಿಗಳು ಒಂದೇ ಎಲ್1 ಕ್ಯಾಶ್ ಹಂಚಿಕೊಳ್ಳುತ್ತವೆ. ನಾಲ್ಕು ಇಟ್ಟು ಒಮ್ಮೆ, ಎಂಟು ಇಟ್ಟು ಒಮ್ಮೆ ಓಡಿಸಿ, ಗಡಿಯಾರ ಹೇಳಿದ್ದನ್ನು ಕೇಳಿ.