ಕಾಯಿಲೆ ಯಾರಿಗಿತ್ತು?

ದಾವಣಗೆರೆಯ ಶಿಕ್ಷಕರೊಬ್ಬರ ಪತ್ರ: "1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟಗಾತಿಯರೆಂದು ಜನರನ್ನು ಗಲ್ಲಿಗೇರಿಸಲು ಬೂಷ್ಟು ಹಿಡಿದ ಧಾನ್ಯದ ರೊಟ್ಟಿಯೇ ಕಾರಣವೆಂದು ಓದಿದೆ. ಹಾಗಿದ್ದ ಮೇಲೆ ಆ ಊರಿನವರನ್ನು ಕ್ರೂರಿಗಳೆಂದು ದೂರುವುದು ನ್ಯಾಯವೇ?"

ಮೇಷ್ಟರೇ, ದೂರುವ ಮೊದಲು ಕಾರಣ ಹುಡುಕುವ ನಿಮ್ಮ ಸ್ವಭಾವ ಮೆಚ್ಚುವಂಥದ್ದು. ನೀವು ಓದಿದ್ದು ಗಾಳಿಮಾತೂ ಅಲ್ಲ. ಲಿಂಡಾ ಕ್ಯಾಪೊರೇಲ್ ಎಂಬ ಸಂಶೋಧಕಿ 1976ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ವಾದ ಮಂಡಿಸಿದರು. ರೈ ಎಂಬ ಧಾನ್ಯದ ತೆನೆಗೆ ತಗಲುವ ಎರ್ಗಾಟ್ ಶಿಲೀಂಧ್ರ ಹೊಟ್ಟೆಗೆ ಹೋದರೆ ಸೆಳವು ಬರುತ್ತದೆ, ಮೈಮೇಲೆ ಇರುವೆ ಹರಿದಂತಾಗುತ್ತದೆ, ಇಲ್ಲದ್ದು ಕಾಣುತ್ತದೆ. ನಮ್ಮ ಸಜ್ಜೆಯ ತೆನೆಗೂ ಇದರ ದಾಯಾದಿ ತಗಲುವುದುಂಟು. ಇಷ್ಟು ಒಪ್ಪುತ್ತೇನೆ.

ಆದರೆ ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಸ್ಪಾನೋಸ್ ಮತ್ತು ಗಾಟ್ಲೀಬ್ ಎಂಬ ಸಂಶೋಧಕರು ಕೊಟ್ಟ ಉತ್ತರವನ್ನು ಯಾರೂ ನಿಮಗೆ ಓದಿಸಿಲ್ಲ. ತಮಗೆ ಮಾಟ ತಗಲಿದೆಯೆಂದು ದೂರುತ್ತಿದ್ದ ಹುಡುಗಿಯರು, ಆರೋಪಿ ಕಣ್ಣೆತ್ತಿ ನೋಡಿದರೆ ಬೀಳುತ್ತಿದ್ದರು, ಮುಟ್ಟಿದರೆ ಏಳುತ್ತಿದ್ದರು. ಪಕ್ಕದ ಆಂಡೋವರಿನಲ್ಲಿ ಆರೋಪಿಗಳ ಕಣ್ಣಿಗೆ ಬಟ್ಟೆ ಕಟ್ಟಿ, ಅವರ ಕೈಯನ್ನು ಹುಡುಗಿಯರ ಮೈಮೇಲೆ ಇರಿಸಿದರು. ಸೆಳವು ನಿಂತಿತು, ಅದೇ ಸಾಕ್ಷಿಯಾಯಿತು. ಮುಟ್ಟಿದವರು ಯಾರೆಂದು ಹೊಟ್ಟೆಯೊಳಗಿನ ವಿಷಕ್ಕೆ ಹೇಗೆ ತಿಳಿಯಬೇಕು?

ಇರಲಿ, ಹುಡುಗಿಯರಿಗೆ ನಿಜವಾಗಿಯೂ ಕಾಯಿಲೆಯಿತ್ತು ಎಂದೇ ಇಟ್ಟುಕೊಳ್ಳೋಣ. ನ್ಯಾಯಾಲಯಕ್ಕೆ ಏನಾಗಿತ್ತು? ರೆಬೆಕ್ಕಾ ನರ್ಸ್ 71 ವರ್ಷದ ಅಜ್ಜಿ. ಜ್ಯೂರಿ ಮೊದಲು ಆಕೆಯನ್ನು ನಿರ್ದೋಷಿ ಎಂದಿತು. ಹುಡುಗಿಯರು ಚೀರಾಡಿದರು. ಆಕೆ ಆಡಿದ್ದ ಒಂದು ಮಾತನ್ನು ಮುಖ್ಯ ನ್ಯಾಯಾಧೀಶ ಸ್ಟೌಟನ್ ಎತ್ತಿ ತೋರಿಸಿದ. ಅದರ ಅರ್ಥವೇನೆಂದು ಕೇಳಿದಾಗ, ಕಿವಿ ಮಂದವಾಗಿದ್ದ ಅಜ್ಜಿ ಸುಮ್ಮನೆ ನಿಂತಿದ್ದಳು. ತೀರ್ಪು ತಿರುಗಿತು. ಜುಲೈ 19ರಂದು ಆಕೆಯನ್ನು ನೇಣಿಗೇರಿಸಿದರು. ಡೊರೊಥಿ ಗುಡ್ ಎಂಬ ನಾಲ್ಕೈದು ವರ್ಷದ ಮಗುವಿಗೆ ತಿಂಗಳುಗಟ್ಟಲೆ ಸರಪಳಿ ಹಾಕಿದ್ದರು. ಆ ಸರಪಳಿಯನ್ನು ಅಳತೆ ನೋಡಿ ಬಿಗಿದ ಕೈ ಯಾವ ಸೆಳವಿನಿಂದಲೂ ನಡುಗುತ್ತಿರಲಿಲ್ಲ, ಮೇಷ್ಟರೇ.

ಕ್ರೌರ್ಯ ಕಂಡಲ್ಲೆಲ್ಲ ವೈದ್ಯರ ಚೀಟಿ ಹುಡುಕುವ ಈ ಚಾಳಿ ನನಗೆ ಸಹಿಸದು. ಕಲಬುರಗಿ, ಬೀದರ್ ಕಡೆಯಿಂದ ಭಾನಾಮತಿಯ ಸುದ್ದಿ ಬಂದರೆ ನಾವು ಪತ್ರಿಕೆಯವರು ಮೈದುಂಬಿ ಕೂಗುವವರ ಚಿತ್ರ ಹಾಕುತ್ತೇವೆ. ಮಾಟ ಮಾಡಿಸಿದಳೆಂದು ಊರು ಬೆರಳು ತೋರಿದ ಹೆಂಗಸಿನ ಮನೆ ಬಾಗಿಲಿಗೆ ಹೋಗುವವರು ಎಷ್ಟು ಮಂದಿ? ಜಾರ್ಖಂಡಿನಲ್ಲಿ ಹೆಂಗಸರಿಗೆ 'ಡಾಯನ್' (ಮಾಟಗಾತಿ) ಎಂಬ ಹಣೆಪಟ್ಟಿ ಹಚ್ಚುವುದರ ವಿರುದ್ಧ 2001ರಿಂದ ಕಾನೂನಿದೆ, ಆದರೂ ಹಾಗೆಂದು ಹೆಂಗಸರನ್ನು ಕೊಲ್ಲುವುದು ನಿಂತಿಲ್ಲ. ಎಷ್ಟೋ ಕಡೆ ಕಣ್ಣಿರುವುದು ವಿಧವೆಯ ತುಂಡು ಜಮೀನಿನ ಮೇಲೆ. ಅದೇ ಹೆಸರಿಗೆ ಏಟು ತಿಂದು ಊರು ಬಿಟ್ಟ ಛುಟ್ನಿ ಮಹತೋ ಅಂಥ ಹೆಂಗಸರಿಗಾಗಿ ದುಡಿದು 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಬಗ್ಗೆ ನಮ್ಮಲ್ಲಿ ಬಂದ ಬರಹ ಬೆರಳೆಣಿಕೆಯಷ್ಟು.

ಸೇಲಂ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿ, ಹೇಗೋ ಜೀವ ಉಳಿಸಿಕೊಂಡ ಎಲಿಜಬೆತ್ ಜಾನ್ಸನ್ ದೋಷಮುಕ್ತಳಾದದ್ದು 2022ರಲ್ಲಿ. ಮ್ಯಾಸಚೂಸೆಟ್ಸ್ ಶಾಸನಸಭೆಯ ಬೆನ್ನು ಹತ್ತಿ ಇದನ್ನು ಮಾಡಿಸಿದ್ದು ಎಂಟನೆಯ ತರಗತಿಯ ಮಕ್ಕಳು ಮತ್ತು ಅವರ ಶಿಕ್ಷಕಿ. ರೊಟ್ಟಿಯ ಕಥೆ ಹೇಳುವ ದಿನವೇ ಇದನ್ನೂ ನಿಮ್ಮ ತರಗತಿಯಲ್ಲಿ ಹೇಳಿ. ಮಕ್ಕಳು ಏನು ಕೇಳಿದರೆಂದು ಬರೆಯಿರಿ, ಅವರ ಪ್ರಶ್ನೆಗಳನ್ನು ಪ್ರಕಟಿಸುತ್ತೇನೆ.

– ಸಂ.