ದಿಲಿಯಲ್ಲಿ ಕೆಲಸ: ಚಿಕ್ಕಮಗಳೂರಿನ ಗೆಳತಿಗೆ ಉತ್ತರ

ನಿಮ್ಮ ಪ್ರಶ್ನೆ ಓದಿದೆ. ಇಂಡೋನೇಷ್ಯಾದ ಪಕ್ಕದ ಪುಟ್ಟ ದೇಶ ತಿಮೋರ್-ಲೆಸ್ತೆಯ ರಾಜಧಾನಿ ದಿಲಿಯಲ್ಲಿ ಹಳ್ಳಿ ಆಡಳಿತದ ಯೋಜನೆಯೊಂದರಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ, ಅಮ್ಮನಿಗೆ ಭಯ, ನೀವು ಬಂದರೆ ಇಲ್ಲಿ ಯಾರಿಗಾದರೂ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ನಾನು ಇಲ್ಲೇ ಮನೆ ಮಾಡಿಕೊಂಡು ಬಹಳ ವರ್ಷ ಆಯಿತು.

ಮೊದಲು ಅಮ್ಮನ ಭಯ. 2006ರಲ್ಲಿ ಇಲ್ಲಿ ಸೈನ್ಯ, ಪೊಲೀಸರೇ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದರು. ಸುಮಾರು ಒಂದೂವರೆ ಲಕ್ಷ ಜನ ಮನೆ ಬಿಟ್ಟು ಓಡಿದರು. ಆಮೇಲೆ ಬಂದ ವಿಶ್ವಸಂಸ್ಥೆಯ ಮಿಷನ್ನಿಗೆ 2009ರವರೆಗೆ ಮುಖ್ಯಸ್ಥರಾಗಿದ್ದವರು ನಮ್ಮ ದೇಶದ ಅತುಲ್ ಖರೆ. 2012ರ ಕೊನೆಗೆ ಆ ಮಿಷನ್ ಹೊರಟುಹೋಯಿತು. ಈಗ ಪೊಲೀಸ್ ಕೆಲಸ ಪೂರ್ತಿ ಇಲ್ಲಿನವರದೇ. ಹುಡುಗರ ಮಾರ್ಷಲ್ ಆರ್ಟ್ಸ್ ಗುಂಪುಗಳ ಹೊಡೆದಾಟ ಆಗಾಗ ಇರುತ್ತದೆ, ಆ ಕಡೆ ಹೋಗದಿದ್ದರೆ ಆಯಿತು. ಕತ್ತಲಾದ ಮೇಲೆ ಕಡಲ ದಂಡೆಯಲ್ಲಿ ಒಬ್ಬರೇ ಓಡಾಡಬೇಡಿ. ನನ್ನನ್ನು ಕೇಳಿದರೆ ಡೆಂಗಿ, ಹುಚ್ಚುನಾಯಿ ಇವೆರಡಕ್ಕೇ ಜಾಸ್ತಿ ಹೆದರಬೇಕು. ರೇಬೀಸ್ ಲಸಿಕೆ ಊರಲ್ಲೇ ಹಾಕಿಸಿಕೊಂಡು ಬನ್ನಿ.

ಇನ್ನು ಉಪಯೋಗದ ಮಾತು. 1999ರಲ್ಲಿ ಜನ ಇಂಡೋನೇಷ್ಯಾದಿಂದ ಬೇರೆಯಾಗಲು ಮತ ಹಾಕಿದರು, ನೂರಕ್ಕೆ 78ಕ್ಕಿಂತ ಜಾಸ್ತಿ ಮಂದಿ. ಅದರ ಸೇಡಿಗೆ ಇಂಡೋನೇಷ್ಯಾದ ಸೈನಿಕರೂ ಅವರ ಬೆಂಬಲದ ಗುಂಪುಗಳೂ ಊರಿಗೆ ಊರೇ ಸುಟ್ಟರು. ಕಚೇರಿಗಳ ಕಡತಗಳೂ ಸುಟ್ಟುಹೋದವು. ಹಿರಿಯ ಹುದ್ದೆಗಳಲ್ಲಿದ್ದ ಇಂಡೋನೇಷ್ಯಾದವರು ಎದ್ದು ಹೋದರು. 2002ರ ಮೇ 20ರಂದು ದೇಶ ಸ್ವತಂತ್ರವಾದಾಗ ಆಡಳಿತವನ್ನು ಬುಡದಿಂದ ಕಟ್ಟಬೇಕಾಯಿತು. ಅದಕ್ಕೇ ಇಷ್ಟೊಂದು ಸಲಹೆಗಾರರು ಬಂದರು. ಬಹಳ ಜನ ಚೆಂದದ ವರದಿ ಬರೆದರು. ಅದು ಇಂಗ್ಲಿಷಿನಲ್ಲಿ, ಕಾನೂನು ಪೋರ್ಚುಗೀಸಿನಲ್ಲಿ, ಕಡತ ಹಿಡಿದ ಗುಮಾಸ್ತ ಮಾತಾಡುವುದು ತೆತುಮ್‌ನಲ್ಲಿ! ಆ ವರದಿ ಅವನಿಗೆ ಹೇಗೆ ಕೆಲಸಕ್ಕೆ ಬಂದೀತು ಹೇಳಿ. ನೀವು ತೆತುಮ್ ಕಲಿಯಲೇಬೇಕು.

ನಿಜವಾದ ಕೆಲಸ ಕಾಣುವುದು ಸುಕುವಿನಲ್ಲಿ. ಸುಕು ಅಂದರೆ ಹೆಚ್ಚುಕಡಿಮೆ ನಮ್ಮ ಪಂಚಾಯಿತಿಯಷ್ಟು. 2012ರಲ್ಲಿ ಶುರುವಾದ ರಾಷ್ಟ್ರೀಯ ಸುಕು ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸರ್ಕಾರದ ದುಡ್ಡು ನೇರ ಹಳ್ಳಿಗೆ ಬರುತ್ತದೆ. ನೀರಿನ ಪೈಪೋ, ಕಾಲುಸಂಕವೋ ಅಂತ ಊರವರೇ ತೀರ್ಮಾನ ಮಾಡುತ್ತಾರೆ. ಎರ್ಮೆರಾದ ಗುಡ್ಡದ ಮೇಲೊಂದು ಸಭೆಗೆ ಹೋಗಿದ್ದೆ. ಖರ್ಚಿನ ಪಟ್ಟಿ ಹಲಗೆಗೆ ಅಂಟಿಸಿದ್ದರು. ತಾಯಿಸ್ ಬಟ್ಟೆ ಉಟ್ಟ ಅಜ್ಜಿಯೊಬ್ಬರು ಸಿಮೆಂಟಿನ ಸಾಲಿನ ಮೇಲೆ ಬೆರಳಿಟ್ಟು, ಇಷ್ಟು ಮೂಟೆ ಬಂದದ್ದನ್ನು ಯಾರು ಎಣಿಸಿದರು ಅಂತ ಕೇಳಿದರು. ಖಜಾಂಚಿ ಹುಡುಗಿ ರಸೀದಿಗಳ ಕಟ್ಟು ಬಿಚ್ಚಿ ಒಂದೊಂದಾಗಿ ಓದಿ ಹೇಳಿದಳು. ಸಲಹೆಗಾರ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದ. ಆ ಹುಡುಗಿಗೆ ಲೆಕ್ಕ ಬರೆಯಲು ಕಲಿಸಿದವನು ಅವನೇ. ನಿಮ್ಮ ಕೆಲಸವೂ ಅಷ್ಟೇ: ಪಕ್ಕದಲ್ಲಿ ಕೂತು ಕಲಿಸಿ, ಅವರ ಕೆಲಸವನ್ನು ನೀವೇ ಮಾಡಿಬಿಡಬೇಡಿ.

ದೇಶಕ್ಕೆ ಹೊತ್ತೂ ಜಾಸ್ತಿ ಇಲ್ಲ. ಬಜೆಟ್ಟಿನ ಬಹುಪಾಲು ಹಣ 2005ರಲ್ಲಿ ಕಟ್ಟಿದ ಪೆಟ್ರೋಲಿಯಂ ನಿಧಿಯಿಂದ ಬರುತ್ತದೆ. ಆ ನಿಧಿಯನ್ನು ತುಂಬುತ್ತಿದ್ದ ಕಡಲ ಅನಿಲ ಕ್ಷೇತ್ರ ಬಾಯು-ಉಂದಾನ್‌ನಲ್ಲಿ 2025ರಲ್ಲಿ ಉತ್ಪಾದನೆ ನಿಂತಿತು. ಎಣ್ಣೆ, ಅನಿಲ ಬಿಟ್ಟರೆ ಹೊರದೇಶಕ್ಕೆ ಹೋಗುವ ಮುಖ್ಯ ಸರಕು ಕಾಫಿಯೇ. ಇಲ್ಲಿ ನಿಮ್ಮೂರಿನ ನಂಟಿದೆ ನೋಡಿ. ಅರೇಬಿಕಾ, ರೊಬಸ್ಟಾ ತಾವಾಗಿಯೇ ಬೆರೆತು ಹುಟ್ಟಿದ ತಿಮೋರ್ ಹೈಬ್ರಿಡ್ ಈ ದ್ವೀಪದ್ದು. ಎಲೆತುಕ್ಕು ತಡೆಯುವ ಆ ಗುಣ ನಿಮ್ಮ ಕಡೆಯ ಕಾವೇರಿ ತಳಿಗೆ ಬಂದದ್ದು ಇದರಿಂದಲೇ. ಆದರೆ ಇಲ್ಲಿನ ಗಿಡಗಳಿಗೆ ವಯಸ್ಸಾಗಿದೆ, ಕಪಾತು ಅಪರೂಪ, ಇಳುವರಿ ತೀರಾ ಕಡಿಮೆ. ತೋಟದ ಕೆಲಸ ಗೊತ್ತಿದ್ದರೆ ಅದನ್ನೂ ಹೇಳಿಕೊಳ್ಳಿ, ಸಂಕೋಚ ಬೇಡ. ಜನ ಹತ್ತಿರ ಆಗುತ್ತಾರೆ.

ಸಂಬಳದ ಲೆಕ್ಕ ಹಾಕುವಾಗ ನೆನಪಿಡಿ: ಇಲ್ಲಿ ನಡೆಯುವುದು ಅಮೆರಿಕದ ಡಾಲರ್, ಅಂಗಡಿಯ ಸಾಮಾನೆಲ್ಲ ಹಡಗಿನಲ್ಲಿ ಬರುವಂಥದ್ದು. ದಿಲಿಯಲ್ಲಿ ಬಾಡಿಗೆ ನಮ್ಮ ಅಂದಾಜಿಗಿಂತ ಜಾಸ್ತಿ.

ಸಹಿ ಹಾಕುವ ಮೊದಲು ಸಂಸ್ಥೆಯವರನ್ನು ಒಂದು ಮಾತು ಕೇಳಿ. ನನ್ನ ಜೊತೆ ಕೂರುವ ಇಲ್ಲಿನ ಸರ್ಕಾರಿ ನೌಕರರು ಯಾರು, ನನ್ನ ಅವಧಿ ಮುಗಿದ ಮೇಲೆ ಅವರಿಗೆ ಸಂಬಳ ಕೊಡುವವರು ಯಾರು? ಇದಕ್ಕೆ ನೇರ ಉತ್ತರ ಬಂದರೆ ಧೈರ್ಯವಾಗಿ ಬನ್ನಿ. ಬರದಿದ್ದರೆ ಬೇರೆ ಯೋಜನೆ ನೋಡೋಣ, ನಾನೂ ಇಲ್ಲಿ ವಿಚಾರಿಸುತ್ತೇನೆ.