ಬೇರೆ ದೇಶದವರನ್ನು ಹೇಗೆ ಮಾತಾಡಿಸಲಿ?

ಪ್ರಶ್ನೆ: ನಮ್ಮ ಚರ್ಚಿನ ಸಭೆಗೆ ಬೇರೆ ದೇಶದ ವಿದ್ಯಾರ್ಥಿಗಳು ಬರುತ್ತಾರೆ. ಆರಾಧನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಮೂಲೆಯಲ್ಲಿ ನಿಂತು ಹೊರಟುಬಿಡುತ್ತಾರೆ. ಮಾತಾಡಿಸುವ ಆಸೆ, ಆದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಹೆಸರು ಕೇಳಿ, ಅವರು ಹೇಳಿದ ಹಾಗೇ ಹೇಳಲು ಕಲಿಯಿರಿ. ಬಾಯಿಗೆ ಬರದಿದ್ದರೆ ಇನ್ನೊಮ್ಮೆ ಕೇಳಿ, ಯಾರೂ ಬೇಸರಪಡುವುದಿಲ್ಲ. ವೀಸಾ, ಅವರ ದೇಶದ ರಾಜಕೀಯ ಮೊದಲ ದಿನವೇ ಬೇಡ.

ಬೈಬಲಿನ ಯೋಹಾನನ ಸುವಾರ್ತೆ 4ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಬಾವಿಯ ಬಳಿ ಯೆಹೂದ್ಯರು ದೂರವಿಡುತ್ತಿದ್ದ ಸಮಾರ್ಯ ಪ್ರಾಂತ್ಯದ ಹೆಂಗಸಿನೊಂದಿಗೆ ಮಾತು ತೆಗೆದದ್ದು ಕುಡಿಯಲು ನೀರು ಕೇಳಿ. ನನಗೆ ತುಂಬ ಹಿಡಿಸಿದ ಸಂಗತಿ ಇದು. ನೀವೂ ಒಂದು ಸಣ್ಣ ಸಹಾಯ ಕೇಳಿ: ‘ಈ ಕುರ್ಚಿಗಳನ್ನು ಮಡಚಿಡೋಣ ಬರ್ತೀರಾ?’ ಕೈ ಕೆಲಸದಲ್ಲಿದ್ದರೆ ಸಂಕೋಚ ಕಡಿಮೆ, ಮಾತು ತಾನಾಗಿ ಬರುತ್ತದೆ.

ಅವರು ಬೇರೆ ಧರ್ಮದವರಾಗಿದ್ದರೆ, ಮನಸ್ಸಿನಲ್ಲಿ ಲೆಕ್ಕ ಇಟ್ಟುಕೊಂಡು ಹತ್ತಿರ ಹೋಗಬೇಡಿ. ಅವರು ನಂಬಲಿ ಬಿಡಲಿ, ಮುಂದಿನ ವಾರವೂ ಅದೇ ಪ್ರೀತಿಯಿಂದ ಮಾತಾಡಿಸಿ.